ಮರೈನ್ ಟ್ಯಾಂಕಿನ ಪೈಪಿನಲ್ಲಿ ಹಿತ್ತಾಳೆ ಇದೆಯಾ? ಅಂಟು ಹಚ್ಚುವ ಮೊದಲೇ ನೋಡಿ

ಮರೈನ್ ಟ್ಯಾಂಕಿಗೆ, ಅಂದರೆ ಸಮುದ್ರದ ಮೀನು, ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂಗೆ, ಮನೆಯಲ್ಲೇ ಸಂಪ್ (ಟ್ಯಾಂಕಿನ ಕೆಳಗಿಡುವ ಫಿಲ್ಟರ್ ತೊಟ್ಟಿ) ಮಾಡಿಕೊಂಡು ಪೈಪ್ ಜೋಡಿಸುವವರು ಪ್ರತಿ ಎಲ್ಬೋ, ಪ್ರತಿ ವಾಲ್ವ್ ಕೈಗೆ ತಗೊಂಡು ಒಳಗೆ ಇಣುಕಿ ನೋಡಿ. ಹೊರಗೆ ಪ್ಲಾಸ್ಟಿಕ್ ಇರುತ್ತದೆ, ಒಳಗಿನ ಥ್ರೆಡ್ ಮಾತ್ರ ಹಿತ್ತಾಳೆ. ಹಿತ್ತಾಳೆಯಲ್ಲಿರುವ ತಾಮ್ರ ಉಪ್ಪುನೀರಿಗೆ ಇಳಿಯುತ್ತದೆ, ನನ್ನ ಟ್ಯಾಂಕ್ ಹಾಳಾಗಿದ್ದು ಇದರಿಂದಲೇ.

ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಹತ್ತಿಸುವ ಲೈನನ್ನು ಒಬ್ಬ ಪ್ಲಂಬರ್ ಕೈಲಿ ಮಾಡಿಸಿದ್ದೆ. ಉಪ್ಪುನೀರು, ಪೂರ್ತಿ ಪ್ಲಾಸ್ಟಿಕ್ಕೇ ಬೇಕು ಅಂತ ಹೇಳಿಯೇ ಕೊಟ್ಟ ಕೆಲಸ. ಆತ ಹಾಕಿದ್ದು ಬ್ರಾಸ್ ಎಲ್ಬೋ. ಬಾತ್‌ರೂಮ್ ನಲ್ಲಿಗೆ ಗೋಡೆಯೊಳಗೆ ಕೂರಿಸುತ್ತಾರಲ್ಲ, ಅದೇ. ಆಮೇಲೆ ಕೇಳಿದರೆ, "ಪ್ಲಾಸ್ಟಿಕ್ ಥ್ರೆಡ್ ಸೀಳುತ್ತೆ ಸಾರ್, ನಾಳೆ ಸೋರಿದ್ರೆ ನನ್ನನ್ನೇ ಬೈತೀರಾ" ಅಂದ. ಮನೆಯ ನೀರಿಗೆ ಅವನ ಮಾತು ಸರಿಯೇ. ಜೊತೆಗೆ ಅಂಗಡಿಯವರು "ಸ್ಟೀಲ್" ಅಂತ ಕೊಟ್ಟ ಬಾಲ್ ವಾಲ್ವ್ ಕೂಡ ಹಿತ್ತಾಳೆಯೇ, ಮೇಲೆ ನಿಕ್ಕಲ್ ಲೇಪ ಅಷ್ಟೇ. ಉಪ್ಪುನೀರಿಗೆ ಆ ಲೇಪ ಎಷ್ಟು ದಿನ ತಡೆಯುತ್ತದೆ?

ಮೊದಲು ಬಸವನಹುಳುಗಳು ಗಾಜು ಹತ್ತುವುದನ್ನು ಬಿಟ್ಟು ಮರಳಿನ ಮೇಲೆ ಅಂಗಾತ ಬಿದ್ದವು. ಕ್ಲೀನರ್ ಸಿಗಡಿ ಪೊರೆ ಬಿಡುವಾಗಲೇ ಸತ್ತಿತು. ಝೋವಾಂಥಿಡ್‌ಗಳು (ಹೂವಿನ ಹಾಗೆ ಅರಳುವ, ಹವಳದ ಜಾತಿಯ ಜೀವಿಗಳು) ಮುಚ್ಚಿಕೊಂಡವು ಮತ್ತೆ ಅರಳಲಿಲ್ಲ. ಕ್ಲೌನ್ ಮೀನುಗಳು ಮಾತ್ರ ಏನೂ ಆಗದ ಹಾಗೆ ಊಟಕ್ಕೆ ಓಡಿ ಬರುತ್ತಿದ್ದವು. ನೀರು ಪರೀಕ್ಷೆ ಮಾಡಿದರೆ ಎಲ್ಲಾ ಸರಿಯಾಗೇ ಇತ್ತು: ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ 1.025, ಅಮೋನಿಯಾ ಸೊನ್ನೆ, ನೈಟ್ರೇಟ್ ಕೂಡ ಕಡಿಮೆ. ಒಬ್ಬರು ಲೈಟ್ ಜಾಸ್ತಿ ಅಂದರು, ಇನ್ನೊಬ್ಬರು ಉಪ್ಪಿನ ಬ್ರ್ಯಾಂಡ್ ಬದಲಿಸಿ ಅಂದರು. ನೀರು ಬದಲಿಸಿದಾಗ ಸ್ವಲ್ಪ ಚೇತರಿಕೆ, ಮತ್ತೆ ಅದೇ ಕಥೆ. ಕೊನೆಗೆ ತಾಮ್ರದ ಟೆಸ್ಟ್ ಕಿಟ್ ತಂದು ನೋಡಿದೆ, ಬಣ್ಣ ಬಂತು. ಪೈಪ್ ಕತ್ತರಿಸಿದರೆ ಎಲ್ಬೋ ಒಳಗೆಲ್ಲಾ ಹಸಿರು ಕಿಲುಬು.

ಮೀನು ಚೆನ್ನಾಗಿರುವುದೇ ಇಲ್ಲಿ ದಾರಿ ತಪ್ಪಿಸುತ್ತದೆ. ಮರೈನ್ ಇಚ್ (ಮೈಮೇಲೆ ಬಿಳಿ ಚುಕ್ಕೆ ಏಳುವ ಪರಾವಲಂಬಿ ರೋಗ) ಬಂದ ಮೀನಿಗೆ ತಾಮ್ರವೇ ಔಷಧಿ, ಲೀಟರಿಗೆ ಸುಮಾರು 0.15ರಿಂದ 0.20 ಮಿಲಿಗ್ರಾಂ ಇಡುತ್ತಾರೆ, ಹೆಚ್ಚಿನ ಮೀನುಗಳು ತಡೆದುಕೊಳ್ಳುತ್ತವೆ. ಸಿಗಡಿ, ಬಸವನಹುಳು, ಹವಳಗಳಿಗೆ ಅದು ವಿಷ. ಅದಕ್ಕೇ ಆ ಚಿಕಿತ್ಸೆಯನ್ನು ಬೇರೆ ಟ್ಯಾಂಕಿನಲ್ಲಿ ಮಾಡುವುದು. ಸಿಗಡಿಯ ರಕ್ತದಲ್ಲೇ ತಾಮ್ರ ಇದೆ, ಆದರೂ ನೀರಿನಲ್ಲಿ ಸ್ವಲ್ಪ ಜಾಸ್ತಿಯಾದರೆ ಸಾಯುತ್ತದೆ. ವಿಚಿತ್ರ ಅಲ್ವಾ?

ಅಯಸ್ಕಾಂತ ಹಿಡಿದು ಪರೀಕ್ಷೆ ಮಾಡಿದೆ ಅನ್ನಬೇಡಿ. ಹಿತ್ತಾಳೆ ಅಂಟುವುದಿಲ್ಲ, 304 ಸ್ಟೀಲ್ ಕೂಡ ಸಾಮಾನ್ಯವಾಗಿ ಅಂಟುವುದಿಲ್ಲ. ಅರ ತಗೊಂಡು ಒಂದು ಮೂಲೆ ಉಜ್ಜಿ, ಕೆಳಗೆ ಹಳದಿ ಕಂಡರೆ ಅಂಗಡಿಗೆ ವಾಪಸ್. ನಿಜವಾದ ಸ್ಟೀಲ್ ಹೋಸ್ ಕ್ಲಿಪ್ ಕೂಡ ಉಪ್ಪುನೀರಿನಲ್ಲಿ ತುಕ್ಕು ಹಿಡಿಯುತ್ತದೆ, ಅಲ್ಲಿ ಪ್ಲಾಸ್ಟಿಕ್ ಟೈ ಸಾಕು. ವಾಲ್ವ್ ಯುಪಿವಿಸಿದೇ ಇರಲಿ. ಕೂಲರ್ ಪಂಪ್ ಅಗ್ಗ ಅಂತ ಹಾಕಬೇಡಿ, ಸೆರಾಮಿಕ್ ಶಾಫ್ಟ್ ಇರುವ, ಉಪ್ಪುನೀರಿಗೆ ಅಂತಲೇ ಮಾಡಿದ ಪಂಪ್ ತಗೊಳ್ಳಿ.

ಇನ್ನೊಂದು, ಟಾಪ್-ಅಪ್ ನೀರು. ಆವಿಯಾದಷ್ಟು ನೀರು ತಾನಾಗಿ ತುಂಬಲಿ ಅಂತ ಫ್ಲೋಟ್ ವಾಲ್ವ್ ಹಾಕಿ ಅಡುಗೆಮನೆಯ ಆರ್‌ಒದಿಂದಲೇ ಲೈನ್ ಎಳೆಯುವವರಿದ್ದಾರೆ. ಈಗ ಎಷ್ಟೋ ಮನೆಬಳಕೆಯ ಆರ್‌ಒಗಳಲ್ಲಿ ನೀರಿಗೆ ತಾಮ್ರ ಸೇರಿಸುವ ಕಾರ್ಟ್ರಿಜ್ ಇರುತ್ತದೆ. ತಾಮ್ರದ ಚೊಂಬಿನ ನೀರು ನಮಗೆ ಒಳ್ಳೆಯದು ಅಂತ ಕುಡಿಯೋಣ ಬಿಡಿ, ಟ್ಯಾಂಕಿಗೆ ಬೇಡ. ಆವಿಯಾಗಿ ಹೋಗುವುದು ನೀರು ಮಾತ್ರ, ತಾಮ್ರ ಅಲ್ಲೇ ಉಳಿದು ದಿನದಿನವೂ ಸೇರುತ್ತಾ ಹೋಗುತ್ತದೆ.

ಪೈಪ್ ಬದಲಿಸಿದ ತಕ್ಷಣ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಟ್ಯಾಂಕಿನೊಳಗೆ ಇಟ್ಟಿರುವ ರಾಕ್ (ಕಲ್ಲು) ಮತ್ತು ಮರಳು ತಾಮ್ರವನ್ನು ಹಿಡಿದಿಟ್ಟುಕೊಂಡು ಮತ್ತೆ ನಿಧಾನವಾಗಿ ನೀರಿಗೆ ಬಿಡುತ್ತವೆ. ಕಾರ್ಬನ್ ಹಾಕಿದೆ, ತಾಮ್ರ ಹೀರುವ ರೆಸಿನ್ ಹಾಕಿದೆ, ನೀರು ಬದಲಿಸಿದ್ದಂತೂ ಲೆಕ್ಕವಿಲ್ಲ. ಆಮೇಲೂ ಬಿಟ್ಟ ಬಸವನಹುಳು ಬದುಕಲಿಲ್ಲ. ಮರಳು ಎಸೆದೆ. ರಾಕನ್ನು ಬರೀ ಮೀನು ಸಾಕುವ ಒಬ್ಬರಿಗೆ, ತಾಮ್ರ ಕುಡಿದ ಕಲ್ಲು ಅಂತ ಹೇಳಿಯೇ ಕೊಟ್ಟೆ. ಸೆಕೆಂಡ್ ಹ್ಯಾಂಡ್ ರಾಕ್ ಕೊಳ್ಳುವವರು ಹಿಂದಿನ ಟ್ಯಾಂಕಿಗೆ ತಾಮ್ರದ ಔಷಧಿ ಹಾಕಿದ್ದರಾ ಅಂತ ನೀವೇ ಬಾಯಿಬಿಟ್ಟು ಕೇಳಿ, ಮಾರುವವರು ತಾವಾಗಿ ಹೇಳುವುದು ಕಡಿಮೆ.