ಆಗುಂಬೆ ಘಾಟಿಯಲ್ಲಿ ನಾಲ್ಕು ಮಳೆಗಾಲ ಕಂಡ ಹೋಂಡಾ ಸಿಟಿ

2021ರಲ್ಲಿ ಉಡುಪಿಯಲ್ಲಿ ಕೊಂಡ ನನ್ನ ಹೋಂಡಾ ಸಿಟಿ ಈಗ 58 ಸಾವಿರ ಕಿಲೋಮೀಟರ್ ಓಡಿದೆ. 1.5 ಲೀಟರ್ ಪೆಟ್ರೋಲ್ ಎಂಜಿನ್, ಆರು ಗೇರಿನ ಮ್ಯಾನುವಲ್. ಮಗಳು ಶಿವಮೊಗ್ಗದಲ್ಲಿ ಓದುತ್ತಿರುವುದರಿಂದ ತಿಂಗಳಿಗೆರಡು ಸಲವಾದರೂ ಆಗುಂಬೆ ಘಾಟಿ ಹತ್ತಿ ಇಳಿಯುತ್ತೇನೆ. ಹಾಗಾಗಿ ಟಚ್‌ಸ್ಕ್ರೀನ್, ಸನ್‌ರೂಫ್‌ಗಳ ವಿಚಾರ ಇಲ್ಲಿ ಬರೆಯುವುದಿಲ್ಲ.

ಈ ಎಂಜಿನ್ನಿನ ಶಕ್ತಿ 121 ಪಿಎಸ್ (ಅಶ್ವಶಕ್ತಿಯ ಲೆಕ್ಕ). ಆದರೆ 145 ಎನ್‌ಎಂ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಪೂರ್ತಿ ಕೈಗೆ ಸಿಗುವುದು ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗಿದಾಗ, ಅಂದರೆ 4,300 ಆರ್‌ಪಿಎಂನಲ್ಲಿ. ಐದು ಜನ ಕುಳಿತು, ಡಿಕ್ಕಿಯಲ್ಲಿ ಹಾಸಿಗೆ, ತೆಂಗಿನಕಾಯಿ ತುಂಬಿಕೊಂಡು ಘಾಟಿಯ ಬುಡದ ಸೋಮೇಶ್ವರ ದಾಟಿದರೆ ಎರಡನೇ ಗೇರಿಗೆ ಇಳಿಸದೆ ವಿಧಿಯಿಲ್ಲ. ತಂಗಿಯ ಮನೆಯ ಫೋಕ್ಸ್‌ವ್ಯಾಗನ್ ವರ್ಟಸ್‌ನಲ್ಲಿರುವುದು 1 ಲೀಟರ್ ಟರ್ಬೊ. ಅದರ 178 ಎನ್‌ಎಂ 1,750 ಆರ್‌ಪಿಎಂನಿಂದಲೇ ಸಿಗುತ್ತದೆ. ಹೆದ್ದಾರಿ 66ರಲ್ಲಿ ಬಸ್ಸೊಂದನ್ನು ಹಿಂದಿಕ್ಕುವಾಗ, ಘಾಟಿಯ ನೇರ ಏರಿನಲ್ಲಿ ಅದೇ ಸಲೀಸು; ಇದನ್ನು ಒಪ್ಪಲೇಬೇಕು. ಹ್ಯುಂಡೈ ವೆರ್ನಾದ 1.5 ಟರ್ಬೊಗಂತೂ 160 ಪಿಎಸ್, 253 ಎನ್‌ಎಂ ಇದೆ.

ಇಳಿಯುವಾಗಿನ ಕಥೆ ಬೇರೆ. ಎರಡನೇ ಗೇರಿನಲ್ಲಿ ಬಿಟ್ಟರೆ ನನ್ನ ಕಾರಿನ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಹದಿನಾಲ್ಕು ತಿರುವು ಮುಗಿದು ಕೆಳಗೆ ಬಂದಾಗಲೂ ಬ್ರೇಕ್ ಬಿಸಿಯಾದ ವಾಸನೆ ಬರುವುದಿಲ್ಲ. ಕಾರು ಕೊಳ್ಳುವಾಗ ಪಿಕಪ್ ಬಗ್ಗೆ ಕೇಳುವವರೆಲ್ಲ ಇದನ್ನೂ ಒಮ್ಮೆ ಓಡಿಸಿ ನೋಡಬೇಕು.

ಎರಡು ವರ್ಷದ ಹಿಂದಿನ ಜುಲೈಯಲ್ಲಿ, ಇಳಿಯುವ ಒಂದು ತಿರುವಿನಲ್ಲಿ ಕೊಳೆತ ಎಲೆ, ಕೆಸರಿನ ಮೇಲೆ ಹಿಂದಿನ ಚಕ್ರ ಹೊರಕ್ಕೆ ಜಾರಿತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಎರಡು ಬಾರಿ ಮಿಣುಕಿತು, ಗಾಡಿ ತನ್ನ ಸಾಲಿಗೆ ಮರಳಿತು. ಗಾಡಿ ಜಾರಿದಾಗ ತಾನೇ ಚಕ್ರಗಳಿಗೆ ಬ್ರೇಕ್ ಹಾಕಿ ಸಾಲಿಗೆ ತರುವ ಸ್ಟೆಬಿಲಿಟಿ ಅಸಿಸ್ಟ್ ಎಂಬುದರ ಬೆಲೆ ನನಗೆ ತಿಳಿದದ್ದು ಆ ಕ್ಷಣದಲ್ಲಿ. ಹಿಂದಿನ ಸೀಟಿನಲ್ಲಿದ್ದ ಅಮ್ಮ, ಸೀರೆ ಮುದುಡುತ್ತದೆ ಎಂದು ಬೆಲ್ಟ್ ಬೇಡವೆನ್ನುತ್ತಿದ್ದವರು, ಅಂದಿನಿಂದ ಬಾಗಿಲು ಹಾಕಿದ ಕೂಡಲೇ ಅದನ್ನು ಎಳೆದು ಸಿಕ್ಕಿಸುತ್ತಾರೆ.

ಕಾರುಗಳನ್ನು ಡಿಕ್ಕಿ ಹೊಡೆಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಸಿಎಪಿ ಪರೀಕ್ಷೆಯಲ್ಲಿ 2023ರಲ್ಲಿ ವರ್ಟಸ್, ಸ್ಕೋಡಾ ಸ್ಲಾವಿಯಾ, ವೆರ್ನಾ ಮೂರಕ್ಕೂ ಐದು ನಕ್ಷತ್ರ ಬಂದಿವೆ. ಆದರೆ ವೆರ್ನಾದ ದೇಹರಚನೆಯನ್ನು (ಪ್ರಯಾಣಿಕರನ್ನು ಸುತ್ತುವರಿದ ಉಕ್ಕಿನ ಚೌಕಟ್ಟನ್ನು) ಅಸ್ಥಿರ ಎಂದೂ, ಉಳಿದೆರಡರದ್ದನ್ನು ಸ್ಥಿರ ಎಂದೂ ಅದೇ ವರದಿಗಳು ಹೇಳಿವೆ. ನಕ್ಷತ್ರ ಎಣಿಸಿ ಸುಮ್ಮನಾಗದೆ ಆ ಸಾಲನ್ನೂ ಓದಿ. ಇನ್ನು 2023ರ ಮಾರ್ಚ್‌ನಿಂದ ನನ್ನಂಥ ಪೆಟ್ರೋಲ್ ಸಿಟಿಗೆ ಬಂದಿರುವ, ಕ್ಯಾಮೆರಾ ನೋಡಿ ತಾನೇ ಬ್ರೇಕ್ ಹಾಕುವ ವ್ಯವಸ್ಥೆ ನನ್ನ ಹಳೆಯ ಗಾಡಿಯಲ್ಲಿಲ್ಲ.

ಟಯರ್ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಟಯರಿನ ಗೀರುಗಳು ಸವೆದು 1.6 ಮಿಲಿಮೀಟರ್ ಆಳಕ್ಕೆ ಬರುವವರೆಗೆ ಕಾನೂನು ಒಪ್ಪುತ್ತದೆ. ನಮ್ಮ ಕರಾವಳಿಯ ಮಳೆ ಒಪ್ಪುವುದಿಲ್ಲ. ನಾನು 3 ಮಿಲಿಮೀಟರ್‌ಗೆ ಬಂದಾಗಲೇ ನಾಲ್ಕನ್ನೂ ಬದಲಿಸಿದೆ.

ಕಳೆದ ವರ್ಷ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಮತ್ತು ಸ್ಟೆಬಿಲಿಟಿ ದೀಪಗಳೆರಡೂ ಒಟ್ಟಿಗೆ ಹೊತ್ತಿಕೊಂಡವು. ಸರ್ವಿಸ್ ಸೆಂಟರ್ ಒಂದರಲ್ಲಿ, "ಮಳೆಗೆ ಸೆನ್ಸರ್ ಒದ್ದೆಯಾಗಿದೆ, ಒಣಗಿದರೆ ಸರಿಹೋಗುತ್ತದೆ" ಎಂದು ದೀಪ ಆರಿಸಿ ಕಳುಹಿಸಿದರು. ಹೆಬ್ರಿ ತಲುಪುವಷ್ಟರಲ್ಲಿ ಮತ್ತೆ ಹೊತ್ತಿದವು. ಅಲ್ಲಿಂದಲೇ ತಿರುಗಿಸಿ ಬಂದೆ, ಘಾಟಿ ಹತ್ತಲಿಲ್ಲ. ಮನೆಯ ಹತ್ತಿರದ ಮೆಕ್ಯಾನಿಕ್ ಜಾಕ್ ಹಾಕಿ ಚಕ್ರ ಬಿಚ್ಚಿ ನೋಡಿದರೆ ಚಕ್ರದ ವೇಗ ಅಳೆಯುವ ಸೆನ್ಸರಿನ ತಂತಿಯನ್ನು ಇಲಿ ಕಡಿದಿತ್ತು. ಎರಡು ಎಳೆಯಷ್ಟೇ ಉಳಿದಿತ್ತು. ಈಗ ಮಳೆಗಾಲದಲ್ಲಿ ಘಾಟಿಗೆ ಹೊರಡುವ ಮುನ್ನ ನಾಲ್ಕೂ ಚಕ್ರದ ಒಳಗೆ ಟಾರ್ಚ್ ಹಾಕಿ ಆ ತಂತಿ ನೋಡಿಯೇ ಕಾರು ತೆಗೆಯುತ್ತೇನೆ.