ಗುಹೆಯ ನೀರಿಗೆ ಯಾವ ಹೆಲ್ಮೆಟ್? ನನ್ನ ಮತ ಬೆಟ್ಟ ಹತ್ತುವವರದ್ದಕ್ಕೆ

ನೇತ್ರಾಣಿಯಂಥ ತೆರೆದ ಸಮುದ್ರದಲ್ಲಿ ಸ್ಕೂಬಾ ಮಾಡುವವರಿಗೆ ಹೆಲ್ಮೆಟ್ ಬೇಕಿಲ್ಲ. ಗುಹೆಯೊಳಗಿನ ನೀರಿಗೆ ಇಳಿದರೆ ಮಾತು ಬೇರೆ. ತಲೆಯ ಮೇಲೆ ಸುಣ್ಣಕಲ್ಲಿನ ಚಾವಣಿ, ಸುತ್ತ ಕತ್ತಲೆ, ಒಬ್ಬೊಬ್ಬರ ಬಳಿಯೂ ಕನಿಷ್ಠ ಮೂರು ಟಾರ್ಚ್ ಇರಲೇಬೇಕೆಂಬ ನಿಯಮ. ನಾನಿರುವುದು ಜರ್ಮನಿಯಲ್ಲಿ. ರಜೆ ಸಿಕ್ಕಾಗ ಹೋಗುವುದು ಫ್ರಾನ್ಸಿನ ಲೊಟ್ ಜಿಲ್ಲೆಗೆ. ಅಲ್ಲಿ ಸೆಲೆ ನದಿಯ ತಳದಲ್ಲೇ ಬಾಯಿ ತೆರೆದಿರುವ ರೆಸೆಲ್ ಗುಹೆ ನನ್ನ ಮೆಚ್ಚಿನದು. ಇಂಥ ಕಡೆ ಹೆಲ್ಮೆಟ್ ತಲೆ ಕಾಯುವುದಷ್ಟೇ ಅಲ್ಲ, ಟಾರ್ಚ್‌ಗಳನ್ನೂ ಹೊತ್ತು ಎರಡೂ ಕೈ ಬಿಡುವು ಮಾಡಿಕೊಡುತ್ತದೆ.

ನಾನು ಹಾಕಿ ನೋಡಿದ್ದು ಮೂರು ಬಗೆ: ಬೆಟ್ಟ ಹತ್ತುವವರ ಹೆಲ್ಮೆಟ್, ಕಯಾಕ್ ಹೆಲ್ಮೆಟ್, ಡೈವಿಂಗ್‌ಗೆಂದೇ ಸಿದ್ಧವಾಗಿ ಬರುವುದು. ಮೊದಲನೆಯದು ನಾನು ಕೊಂಡದ್ದು, ಉಳಿದೆರಡು ಜೊತೆಗೆ ಇಳಿಯುವ ಗೆಳೆಯರದ್ದು. ಕೊಂಡದ್ದರ ಬಗ್ಗೆ ನನಗೆ ಇವತ್ತಿಗೂ ಖುಷಿಯಿದೆ.

ಎಲ್ಲವನ್ನೂ ತೀರ್ಮಾನಿಸಿದ್ದು ತೇಲುವಿಕೆ. ಕಯಾಕ್ ಹೆಲ್ಮೆಟ್‌ನ ಒಳಗೆಲ್ಲ ನೀರು ಹೀರದ ದಪ್ಪ ಫೋಮ್. ತಲೆ ನೀರಿನ ಮೇಲಿರಬೇಕಾದ ಕಯಾಕ್‌ನವರಿಗೆ ಅದು ಸರಿ. ನಮಗೆ ಅದೇ ಕಾಟ. ಒಂದು ಲೀಟರ್ ಜಾಗ ಹಿಡಿಯುವ ಫೋಮ್ ಹೆಚ್ಚುಕಡಿಮೆ ಒಂದು ಕಿಲೋ ಬಲದಿಂದ ಮೇಲಕ್ಕೆ ಎಳೆಯುತ್ತದೆ. ಹೆಲ್ಮೆಟ್‌ನ ಫೋಮ್ ಅದರ ಅರ್ಧದಷ್ಟೇ ಇದ್ದರೂ ಆ ಎಳೆತವನ್ನು ತಡೆಯುವುದು ಗದ್ದದ ಪಟ್ಟಿಯೊಂದೇ. ಪಟ್ಟಿ ಗಂಟಲಿಗೆ ಒತ್ತುತ್ತದೆ, ಉಸಿರಾಡಲು ಬಾಯಲ್ಲಿ ರೆಗ್ಯುಲೇಟರ್ ಕಚ್ಚಿ ಹಿಡಿದ ದವಡೆ ಬೇಗ ಸೋಲುತ್ತದೆ, ಎಂಜಲು ನುಂಗುವುದೂ ತ್ರಾಸ.

ಇನ್ನೂ ಒಂದಿದೆ. 20 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಮೂರು ಪಟ್ಟು. ಫೋಮ್ ಒಳಗಿನ ಗಾಳಿಗುಳ್ಳೆಗಳು ಕುಗ್ಗುತ್ತವೆ, ತಲೆಗೆ ಹಾಕಿದ ನಿಯೋಪ್ರೀನ್ (ಗಾಳಿಗುಳ್ಳೆ ತುಂಬಿದ ರಬ್ಬರ್) ಹುಡ್ ಕೂಡ ತೆಳ್ಳಗಾಗುತ್ತದೆ. ದಡದಲ್ಲಿ ಬಿಗಿಯಾಗಿ ಕೂತಿದ್ದ ಹೆಲ್ಮೆಟ್ ಅಲ್ಲಿ ಸಡಿಲವಾಗಿ ಅಲ್ಲಾಡತೊಡಗುತ್ತದೆ, ಅದರ ಜೊತೆ ಟಾರ್ಚ್ ಬೆಳಕೂ ಕುಣಿಯುತ್ತದೆ. ಕೆಳಗೆ ಪಟ್ಟಿ ಬಿಗಿ ಮಾಡಿಕೊಂಡರೆ ಮೇಲೆ ಬರುವಾಗ ಹಣೆ, ಕಪಾಲ ಹಿಂಡಿದಂತಾಗುತ್ತದೆ. ಸೀಸದ ತುಂಡು ಅಂಟಿಸಿ ತೇಲುವಿಕೆ ತಗ್ಗಿಸುವವರಿದ್ದಾರೆ. ಹಾಗೆ ಮಾಡಿದರೆ ದಡದಲ್ಲಿ ಕುತ್ತಿಗೆಗೆ ಹೊರೆ, ಸಡಿಲಿಕೆ ಮಾತ್ರ ಹಾಗೇ ಉಳಿಯುತ್ತದೆ.

ಬೆಟ್ಟ ಹತ್ತುವವರ ಹೆಲ್ಮೆಟ್ ಎಂದಾಗ ಒಂದು ಎಚ್ಚರಿಕೆ ಬೇಕು. ಈಗಿನ ಹಗುರ ಮಾದರಿಗಳಲ್ಲಿ ಒಳಗೆ ಪೂರ್ತಿ ಥರ್ಮಾಕೋಲ್ ಇರುತ್ತದೆ, ಅವು ಬೇಡ. ಗಟ್ಟಿ ಪ್ಲಾಸ್ಟಿಕ್ ಚಿಪ್ಪು, ಅದರೊಳಗೆ ಬಟ್ಟೆಪಟ್ಟಿಗಳ ಜೋಳಿಗೆ, ಹಿಂದೆ ತಿರುಗಿಸಿ ಬಿಗಿ ಮಾಡುವ ಚಕ್ರ ಇರುವ ಹಳೆಯ ಬಗೆಯದೇ ಆಗಬೇಕು. ಅದರಲ್ಲಿ ತೇಲುವ ವಸ್ತುವೇ ಹೆಚ್ಚಿಲ್ಲ. ಹುಡ್ ತೆಳ್ಳಗಾದರೆ ದಪ್ಪ ಕೈಗವಸು ಹಾಕಿಕೊಂಡೇ ಚಕ್ರವನ್ನು ಒಂದಿಷ್ಟು ತಿರುಗಿಸಿದರೆ ಸಾಕು. ಕಟ್ಟಡ ಕೆಲಸದವರ ಹೆಲ್ಮೆಟ್‌ನ ರಚನೆಯೂ ಇದೇ, ಬೆಲೆಯೂ ಕಡಿಮೆ. ಆದರೆ ಕೆಲಸದ ಹೆಲ್ಮೆಟ್ಟಿನ ಯುರೋಪಿಯನ್ ಮಾನದಂಡ ಇಎನ್ 397ರ 2012ರ ಆವೃತ್ತಿಯಂತೆ ಅದರ ಗದ್ದಪಟ್ಟಿ 150ರಿಂದ 250 ನ್ಯೂಟನ್ ಎಳೆತಕ್ಕೆ ಬಿಟ್ಟುಕೊಳ್ಳಬೇಕು. ನೀರು ದಾಟಿದ ಮೇಲೆ ಒಣ ಗುಹೆಯಲ್ಲಿ ಬಂಡೆ ಹತ್ತುವ ನನ್ನಂಥವರಿಗೆ ಅದು ಸಾಲದು.

ಈ ಜೋಳಿಗೆಯ ಹೆಲ್ಮೆಟ್‌ಗೂ ಒಂದು ಕೊರತೆಯಿದೆ. ಚಿಪ್ಪಿಗೂ ತಲೆಗೂ ನಡುವೆ ಖಾಲಿ ಜಾಗವಿರುವುದರಿಂದ ನಾವೇ ಬಿಟ್ಟ ಉಸಿರು ಕೆನ್ನೆ ಸವರಿ ಬಂದು ಅಲ್ಲಿ ಸೇರಿಕೊಳ್ಳುತ್ತದೆ. ಹೊರದಾರಿ ಕೊಡಬೇಕಾದರೆ ತೂತು ಕೊರೆಯಲೇಬೇಕು. ಎಲ್ಲಿ ಎನ್ನುವುದೇ ಮುಖ್ಯ. ಡೈವ್ ಮಾಡುವಾಗ ನಾವು ನಿಂತಿರುವುದಿಲ್ಲ, ಮಗುಚಿ ಅಡ್ಡ ಮಲಗಿರುತ್ತೇವೆ. ಕತ್ತೆತ್ತಿ ಮುಂದೆ ನೋಡಿದಾಗ ನೆತ್ತಿ ಎತ್ತರದಲ್ಲಿ, ತಳ ನೋಡಿದಾಗ ಹಿಂದಲೆ ಎತ್ತರದಲ್ಲಿ. ಗಾಳಿ ಹೋಗಿ ನಿಲ್ಲುವುದು ಎತ್ತರದ ಜಾಗದಲ್ಲೇ ಆದ್ದರಿಂದ ನೆತ್ತಿಯಲ್ಲಿ ಎರಡು, ಹಿಂದಲೆಯಲ್ಲಿ ಮೂರು, 8 ಮಿ.ಮೀ. ತೂತು ಕೊರೆದು ಅಂಚನ್ನು ಮರಳು ಕಾಗದದಿಂದ ಉಜ್ಜಿದೆ. ಅಲ್ಲಿಂದೀಚೆಗೆ ಒಳಗೆ ಗಾಳಿ ಸೇರಿಕೊಂಡಿಲ್ಲ. ತೂತು ಕೊರೆದ ಹೆಲ್ಮೆಟ್‌ಗೆ ಬೆಟ್ಟ ಹತ್ತುವವರ ಹೆಲ್ಮೆಟ್ಟಿನ ಮಾನದಂಡ ಇಎನ್ 12492ರ ಮುದ್ರೆಯ ಖಾತರಿ ಉಳಿಯುವುದಿಲ್ಲ ಎನ್ನುವುದು ನಿಜ. ಒಣ ಭಾಗದಲ್ಲಿ ಎತ್ತರದ ಹತ್ತುವಿಕೆ ಇದ್ದರೆ ಇನ್ನೊಂದು ಹೆಲ್ಮೆಟ್ ಒಯ್ಯುತ್ತೇನೆ.

ಟಾರ್ಚ್ ಕಟ್ಟಲು ಸೈಕಲ್ ಟ್ಯೂಬಿನ ತುಂಡು ಮತ್ತು ಎಲಾಸ್ಟಿಕ್ ಹಗ್ಗ ಸಾಕು. ಎಡಕ್ಕೊಂದು, ಬಲಕ್ಕೊಂದು, ಆದಷ್ಟು ಕೆಳಗೆ. ಟಾರ್ಚಿನ ಮುಂಭಾಗವನ್ನೇ ತಿರುಗಿಸಿ ಹೊತ್ತಿಸುವ ಬಗೆಯದಾದರೆ ಅಡಿಯಲ್ಲೂ ರಬ್ಬರ್ ತುಂಡು ಇಡಬೇಕು. ಇಲ್ಲವಾದರೆ ಒಂದೇ ಕೈಯಲ್ಲಿ ತಿರುಗಿಸಿದಾಗ ಇಡೀ ಟಾರ್ಚೇ ಸುತ್ತುತ್ತದೆ, ಹೊತ್ತಿಕೊಳ್ಳುವುದಿಲ್ಲ.

ಸಿದ್ಧ ಡೈವಿಂಗ್ ಹೆಲ್ಮೆಟ್‌ನಲ್ಲಿ ಇದೆಲ್ಲ ಮೊದಲೇ ಇದೆ: ತೂತು, ಟಾರ್ಚ್ ಕೂರಿಸುವ ಪಟ್ಟಿ, ತುಕ್ಕು ಹಿಡಿಯದ ತಿರುಪು. ಕೂರುವುದೂ ಚೆನ್ನಾಗಿಯೇ. ನನ್ನದಕ್ಕೆ 60 ಯೂರೋ, ಗೆಳೆಯ ಅದಕ್ಕೆ ಕೊಟ್ಟದ್ದು 150ಕ್ಕೂ ಹೆಚ್ಚು. ಡ್ರಿಲ್ ಹಿಡಿಯಲು ಮನಸ್ಸಿಲ್ಲದವರು ಧಾರಾಳವಾಗಿ ಕೊಳ್ಳಬಹುದು. ಸಮುದ್ರದ ಗುಹೆಗೆ ಇಳಿಯುವವರಿಗಂತೂ ಆ ತಿರುಪುಗಳಿಗೇ ಅಷ್ಟು ಕೊಡಬಹುದು.

ಸ್ಕೇಟಿಂಗ್ ಹೆಲ್ಮೆಟ್: ಫೋಮ್ ಪೂರ್ತಿ ಕಿತ್ತರೆ ಚಿಪ್ಪು ತಲೆಯ ಮೇಲೆ ನಿಲ್ಲುವುದಿಲ್ಲ. ಬೇಡ.

ಹೆಲ್ಮೆಟ್ಟೇ ಬೇಡ, ದೊಡ್ಡ ಟಾರ್ಚ್ ಕೈಮೇಲೇ ಇರಲಿ ಎನ್ನುವ ಪದ್ಧತಿ ಫ್ಲಾರಿಡಾ, ಮೆಕ್ಸಿಕೋ ಕಡೆ ಬಲವಾಗಿದೆ. ಅವರ ವಾದವನ್ನು ನಾನು ಗೌರವಿಸುತ್ತೇನೆ. ತಲೆಯ ಬೆಳಕು ಜೊತೆಗಾರನ ಕಡೆ ತಿರುಗಿದರೆ ಅವನ ಕಣ್ಣು ಕುಕ್ಕುತ್ತದೆ. ಬೆಳಕಿನಿಂದ ವೃತ್ತ ಬರೆದು ‘ಸರಿ’ ಎನ್ನುವ ಸಂಜ್ಞೆಯನ್ನು ಕತ್ತು ತಿರುಗಿಸಿ ಮಾಡುವುದು ಕಷ್ಟ. ಕೆಸರೆದ್ದ ನೀರಿನಲ್ಲಿ ಕಣ್ಣಿನ ಪಕ್ಕದ ಬೆಳಕು ಆಗುಂಬೆ ಘಾಟಿಯ ಮಂಜಿಗೆ ಹೈಬೀಮ್ ಹಾಕಿದಂತೆ, ಎದುರಿಗೆ ಬಿಳಿ ಗೋಡೆ ಎಬ್ಬಿಸುತ್ತದೆ. ಅದಕ್ಕೇ ನಾನು ದೊಡ್ಡ ಟಾರ್ಚನ್ನು ಕೈಮೇಲೆಯೇ ಇಟ್ಟುಕೊಂಡಿದ್ದೇನೆ. ಹೆಲ್ಮೆಟ್‌ನ ಎರಡು ಚಿಕ್ಕವು ತುರ್ತಿಗೆ ಮತ್ತು ಹೊರದಾರಿ ತೋರಿಸಲು ಕಟ್ಟುವ ದಾರದ ಕೆಲಸಕ್ಕೆ.

ಬೆನ್ನಿಗೆ ಸಿಲಿಂಡರ್ ಹೊರುವವರು ಕೊಳ್ಳುವ ಮುನ್ನ ಪೂರ್ತಿ ಸಜ್ಜಾಗಿ ಕತ್ತು ಹಿಂದಕ್ಕೆ ಬಾಗಿಸಿ ನೋಡಬೇಕು, ಹಿಂಭಾಗದ ಅಂಚು ಸಿಲಿಂಡರ್ ಬಾಯಿಗೆ ಕೂರಿಸಿದ ರೆಗ್ಯುಲೇಟರ್ ಭಾಗಕ್ಕೆ ಬಡಿಯಬಹುದು. ಸಿಲಿಂಡರ್‌ಗಳನ್ನು ಪಕ್ಕೆಗೆ ಕಟ್ಟಿಕೊಳ್ಳುವ ನನಗೆ ಆ ತೊಂದರೆಯಿಲ್ಲ.

ಮಾಸ್ಕ್ ಪಟ್ಟಿ ಹೆಲ್ಮೆಟ್ ಅಡಿಗೆ ಹೋಗುವುದರಿಂದ ಮಾಸ್ಕ್ ಬದಲಿಸಬೇಕಾದರೆ ಮೊದಲು ಹೆಲ್ಮೆಟ್ ತೆಗೆಯಬೇಕು. ಗುಹೆಗೆ ಹೋಗುವ ಮೊದಲೇ ಈಜುಕೊಳದಲ್ಲಿ ಕಣ್ಣು ಮುಚ್ಚಿ ಅಭ್ಯಾಸ ಮಾಡಿ. ಅಂಗಡಿಗೆ ಹೋಗುವಾಗ ನಿಮ್ಮ ಹುಡ್ ಮತ್ತು ಕೈಗವಸು ಜೊತೆಗಿರಲಿ. ಎರಡನ್ನೂ ಹಾಕಿಕೊಂಡು ಗದ್ದದ ಬಕಲ್ ಒಂದೇ ಕೈಯಲ್ಲಿ ಬಿಚ್ಚಲು ಬಂದರೆ ಮಾತ್ರ ದುಡ್ಡು ಕೊಡಿ.