ದೊಡ್ಡ ಪೆಟ್ಟಿಗೆಯೋ, ಬಿಡಿ ಟೂಲುಗಳೋ: ಬೈಕ್ ಕೆಲಸಕ್ಕೆ ಎರಡನ್ನೂ ಬಳಸಿ ನೋಡಿದ ಮೇಲೆ

ಮುಂದಿನ ಬ್ರೇಕಿನ ಆಯಿಲ್ ಡಬ್ಬಿಯ ಮುಚ್ಚಳಕ್ಕೆ ಎರಡೇ ಸ್ಕ್ರೂ. ಒಂದೇ ಸೈಜು, ಒಂದೇ ವಯಸ್ಸು, ಒಂದೇ ಮಳೆಯಲ್ಲಿ ನೆಂದವು. ಮೊದಲನೆಯದಕ್ಕೆ ನನ್ನ ದೊಡ್ಡ ಟೂಲ್ ಪೆಟ್ಟಿಗೆಯಲ್ಲಿ ಬಂದಿದ್ದ ಸ್ಟಾರ್ ಸ್ಕ್ರೂಡ್ರೈವರ್ ಹಾಕಿದೆ. ತಿರುಗಿಸಿದ ಕೂಡಲೇ ತುದಿ ಜಾರಿ ಮೇಲೆದ್ದು ಬಂತು. ಇನ್ನೊಮ್ಮೆ ಒತ್ತಿ ಹಿಡಿದು ತಿರುಗಿಸಿದರೆ ಗುಳಿಯ ಅಂಚು ಕಿತ್ತು, ಬೆಳ್ಳಿಪುಡಿಯಂಥ ಚೂರು ಟ್ಯಾಂಕಿನ ಮೇಲೆ ಉದುರಿತು. ಅಲ್ಲಿಗೇ ನಿಲ್ಲಿಸಿದೆ. ಒಂದು ವಾರ ಬಿಟ್ಟು ಎರಡನೆಯ ಸ್ಕ್ರೂಗೆ ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ತುದಿಯ ಸ್ಕ್ರೂಡ್ರೈವರ್ ಇಟ್ಟೆ. ಅದು ಒಂಚೂರೂ ಅಲುಗಾಡದೆ ಕೂತಿತು. ಟಕ್ ಅಂತ ಸದ್ದಾಗಿ ಸ್ಕ್ರೂ ಬಿಟ್ಟುಕೊಂಡಿತು.

ಅವತ್ತಿನಿಂದ ಒಂದೊಂದೇ ಟೂಲನ್ನು ಹೀಗೆ ಜೋಡಿ ಮಾಡಿ ನೋಡುವ ಚಟ ಹತ್ತಿತು. ಈಗ ನನ್ನ ಲೆಕ್ಕ ಇಷ್ಟೆ: ದುಡ್ಡೆಲ್ಲ ನಟ್ಟು ಬೋಲ್ಟಿಗೆ ತಾಗುವ ತುದಿಗೆ ಹೋಗಲಿ, ಉಳಿದದ್ದರಲ್ಲಿ ಜುಗ್ಗತನ ಮಾಡಿದರೂ ನಡೆಯುತ್ತದೆ.

ಮೊದಲು ಪೆಟ್ಟಿಗೆಯ ಕತೆ. ನೂರಕ್ಕೂ ಜಾಸ್ತಿ ಪೀಸು, ಮುಚ್ಚಳ ತೆಗೆದರೆ ಆಭರಣದ ಅಂಗಡಿ ಥರ ಫಳಫಳ. ಒಂದು ವರ್ಷದಲ್ಲಿ ನಾನು ನಿಜವಾಗಿ ಕೈಗೆ ತಗೊಂಡ ಪೀಸು ಎಷ್ಟು ಅಂತ ಎಣಿಸಿದೆ. ಹದಿನಾಲ್ಕು! ಜಪಾನಿ ಬೈಕುಗಳಲ್ಲಿ 8, 10, 12, 14, 17 ಮಿಲಿಮೀಟರ್ ಸಾಕೆಟ್ (ಬೋಲ್ಟಿನ ತಲೆಗೆ ಟೊಪ್ಪಿಯಂತೆ ಕೂರುವ ತುಂಡು) ಇದ್ದರೆ ಬಹುಪಾಲು ಕೆಲಸ ಮುಗಿಯುತ್ತದೆ. ಯುರೋಪಿನ ಬೈಕಾದರೆ 13 ಕೂಡ ಬೇಕಾಗುತ್ತದೆ. ಇಂಚಿನ ಸಾಕೆಟ್‌ಗಳ ಇಡೀ ಸಾಲು ಪೆಟ್ಟಿಗೆಯಲ್ಲಿ ಸುಮ್ನೆ ಮಲಗಿದೆ. ಹಿಂದಿನ ಚಕ್ರದ ಆಕ್ಸಲ್ ನಟ್ಟಿಗೆ ಬೇಕಾದ ದೊಡ್ಡ ಸಾಕೆಟ್ ಮಾತ್ರ ಅದರಲ್ಲಿಲ್ಲ.

ಸ್ಕ್ರೂಡ್ರೈವರ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜಾಸ್ತಿ ಜನ ಕೈಸುಟ್ಟುಕೊಳ್ಳುವುದು ಇಲ್ಲೇ. ನಾವು ಸ್ಟಾರ್ ಅನ್ನುವುದು ಸಾಮಾನ್ಯವಾಗಿ ಫಿಲಿಪ್ಸ್ ತುದಿ. ಅದು ಅಮೆರಿಕದ್ದು, 1936ರ ಪೇಟೆಂಟು. ಜಪಾನಿ ಬೈಕುಗಳಲ್ಲಿ ಬರುವುದು ಅಲ್ಲಿನ ಜೆಐಎಸ್ ಅಳತೆಯ ಸ್ಕ್ರೂ. ನೋಡಲು ಎರಡೂ ಅವಳಿಜವಳಿ. ಆದರೆ ಫಿಲಿಪ್ಸ್ ತುದಿಯಲ್ಲಿ ರೆಕ್ಕೆ ರೆಕ್ಕೆ ಸೇರುವ ಮೂಲೆಗಳು ಜಾಸ್ತಿ ದುಂಡಗಿರುತ್ತವೆ. ಹಾಗಾಗಿ ಜೆಐಎಸ್ ಗುಳಿಯಲ್ಲಿ ಅದು ಪೂರ್ತಿ ಕೆಳಗೆ ಇಳಿಯುವುದಿಲ್ಲ. ಮೇಲೆ ಮೇಲೆ ಹಿಡಿದು ಜಾರುತ್ತದೆ. ಸ್ಕ್ರೂ ತಲೆಯ ಮೇಲೆ ಒಂದು ಸಣ್ಣ ಚುಕ್ಕೆ ಕಂಡರೆ ಅದು ಬಹುತೇಕ ಜೆಐಎಸ್ಸೇ. ಜೆಐಎಸ್ ಡ್ರೈವರ್ ಫಿಲಿಪ್ಸ್ ಸ್ಕ್ರೂಗೂ ಚೆನ್ನಾಗಿಯೇ ನಡೆಯುತ್ತದೆ, ಅದಕ್ಕೇ ನಾನು ಹಳೆಯದನ್ನು ಬಣ್ಣದ ಡಬ್ಬಿ ತೆರೆಯಲು ಇಟ್ಟುಕೊಂಡಿದ್ದೇನೆ.

ನಾನು ತಗೊಂಡದ್ದು ಜಪಾನಿನ ವೆಸೆಲ್ ಕಂಪನಿಯ ಇಂಪ್ಯಾಕ್ಟಾ, ಪಿ2 ಸೈಜಿನ ತುದಿ. ಹಿಡಿಯ ಹಿಂದೆ ಸುತ್ತಿಗೆಯಿಂದ ಹೊಡೆದರೆ ತುದಿ ಬಿಚ್ಚುವ ದಿಕ್ಕಿಗೆ ಚೂರು ತಿರುಗುತ್ತದೆ. ನಾನು ಕೆಡಿಸಿಟ್ಟಿದ್ದ ಮೊದಲನೆಯ ಸ್ಕ್ರೂ ಕೊನೆಗೆ ಬಂದದ್ದು ಇದರಿಂದಲೇ, ಮೂರು ಮೆಲ್ಲನೆಯ ಏಟಿಗೆ. ಮೆಲ್ಲನೆ ಅಂದದ್ದು ಬೇಕೆಂದೇ. ಅದರ ಕೆಳಗಿರುವುದು ಬ್ರೇಕಿನ ಭಾಗ. ಬ್ರೇಕ್ ಆಯಿಲ್ ಚೆಲ್ಲಿದರೆ ಪೇಂಟ್ ತಿನ್ನುತ್ತದೆ, ಮೊದಲೇ ಟ್ಯಾಂಕಿನ ಮೇಲೆ ದಪ್ಪ ಬಟ್ಟೆ ಹಾಸಿ.

ಸಾಕೆಟ್‌ನಲ್ಲಿ ಆರು ಮೂಲೆಯದೋ ಹನ್ನೆರಡು ಮೂಲೆಯದೋ? ಪೆಟ್ಟಿಗೆಯದ್ದು ಹನ್ನೆರಡು. ತುಕ್ಕು ಹಿಡಿದ ಸೈಲೆನ್ಸರ್ ಬೋಲ್ಟಿಗೆ ಹಾಕಿ ಎಳೆದಾಗ ಒಳಗೇನೋ ಮೆತ್ತಗೆ ಜರುಗಿದಂತಾಯಿತು. ತೆಗೆದು ನೋಡಿದರೆ ಬೋಲ್ಟಿನ ತಲೆಯ ಮೂಲೆಗಳು ಸವೆಯಲು ಶುರುವಾಗಿದ್ದವು. ಅದೇ ಬೋಲ್ಟಿಗೆ ಆರು ಮೂಲೆಯ ಸಾಕೆಟ್ ತಟ್ಟಿ ಕೂರಿಸಿ ಎಳೆದೆ, ಕಿರ್ ಅಂದು ಬಂತು. ಹನ್ನೆರಡರದು ಬೋಲ್ಟಿನ ಮೂಲೆಯ ತೀರಾ ಹತ್ತಿರ ಒತ್ತುತ್ತದೆ, ಆರರದು ಮೂಲೆಯಿಂದ ಒಳಗೆ ಸರಿದು ಚಪ್ಪಟೆ ಬದಿಯನ್ನು ಒತ್ತುತ್ತದೆ. ರಿಂಗ್ ಸ್ಪ್ಯಾನರ್‌ಗೆ ಮಾತ್ರ ಹನ್ನೆರಡೇ ಇರಲಿ. ಇಕ್ಕಟ್ಟಿನಲ್ಲಿ 30 ಡಿಗ್ರಿ ತಿರುಗಿಸಿ ಮತ್ತೆ ಹಾಕಬಹುದು. ಆರರದಾದರೆ 60 ಡಿಗ್ರಿ ಜಾಗ ಬೇಕು. ಸಾಕೆಟ್‌ಗೆ ಹೇಗೂ ರ್‍ಯಾಚೆಟ್ ಇದೆ, ತೆಗೆದು ಹಾಕದೆ ಹಿಂದೆ ಮುಂದೆ ಆಡಿಸುತ್ತಲೇ ತಿರುಗಿಸುವ ಹಿಡಿ ಅದು, ಆ ಚಿಂತೆ ಇಲ್ಲ.

ರ್‍ಯಾಚೆಟ್ಟಿನಲ್ಲಿ 36 ಹಲ್ಲಿನದು, 72 ಹಲ್ಲಿನದು ಎರಡೂ ಇವೆ. ಮೊದಲನೆಯದಕ್ಕೆ ಒಂದು ಹಲ್ಲು ದಾಟಲು 10 ಡಿಗ್ರಿ, ಎರಡನೆಯದಕ್ಕೆ 5. ಫ್ರೇಮಿನ ಸಂದಿಯಲ್ಲಿ ಈ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ, ಬೇರೆ ಕಡೆ ಇಲ್ಲ. ಬೈಕಿಗೆ 3/8 ಇಂಚಿನದು (ಸಾಕೆಟ್ ಸಿಕ್ಕಿಸುವ ಚೌಕದ ಅಗಲ) ಸರಿಯಾದ ಅಳತೆ. ಆದರೆ 10ರ ಬೋಲ್ಟಿಗೆ ನನ್ನ ಕೈ ಈಗಲೂ ಹೋಗುವುದು ಟಿ ಸ್ಪ್ಯಾನರಿಗೇ. ಬೆರಳಲ್ಲಿ ಬುಗುರಿಯಂತೆ ತಿರುಗಿಸಬಹುದು, ಬಿಗಿಯಾಗುವ ಹೊತ್ತು ಅಂಗೈಗೆ ತಿಳಿಯುತ್ತದೆ. 10ರ ತಲೆ ಇರುವ ಬೋಲ್ಟಿನ ಮೈ ಸಾಮಾನ್ಯವಾಗಿ 6 ಮಿಲಿಮೀಟರ್, ಅದಕ್ಕೆ ಸುಮಾರು 10 ನ್ಯೂಟನ್ ಮೀಟರ್ (ತಿರುಚುವ ಬಲದ ಅಳತೆ) ಸಾಕು. 20 ಸೆಂಟಿಮೀಟರ್ ಹಿಡಿಯ ತುದಿಯಲ್ಲಿ ಅದು ಬರೀ 5 ಕಿಲೋ ಎಳೆತ. ಉದ್ದದ ರ್‍ಯಾಚೆಟ್ಟಿನಲ್ಲಿ ಇಷ್ಟನ್ನು ಮೀರುವುದು ಗೊತ್ತೇ ಆಗುವುದಿಲ್ಲ, ಅಲ್ವಾ?

ಇನ್ನು ಟಾರ್ಕ್ ರೆಂಚ್, ಅಂದರೆ ಎಷ್ಟು ಬಲದಲ್ಲಿ ಬಿಗಿಯುತ್ತಿದ್ದೇವೆ ಅಂತ ಅಳೆಯುವ ಟೂಲು. ಇಲ್ಲಿ ನಾನು ದಂಡ ಕಟ್ಟಿದ್ದೇನೆ. ಮೊದಲು ತಂದದ್ದು 1/2 ಇಂಚಿನ ದೊಡ್ಡ ಕ್ಲಿಕ್ ರೆಂಚ್ (ಇಟ್ಟ ಅಂಕಿ ಮುಟ್ಟಿದಾಗ ಕ್ಲಿಕ್ ಅನ್ನುವಂಥದ್ದು), ಅಳತೆ 28ರಿಂದ 210 ನ್ಯೂಟನ್ ಮೀಟರ್. ಇಂಜಿನ್ ಆಯಿಲ್ ಬದಲಿಸಿ ಡ್ರೈನ್ ಬೋಲ್ಟಿಗೆ ಮ್ಯಾನುಯಲ್ ಹೇಳಿದ 30ಕ್ಕೆ ಇಟ್ಟು ಎಳೆದೆ. ಕ್ಲಿಕ್ ಕೇಳಲಿಲ್ಲ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ. ಆಮೇಲೆ ಬೋಲ್ಟ್ ಬೆಣ್ಣೆಯಲ್ಲಿ ತಿರುಗಿದ ಹಾಗೆ ಹಗುರಾಯಿತು. ಅಲ್ಯೂಮಿನಿಯಮ್ ಕೇಸಿನ ಥ್ರೆಡ್ ಹೋಗಿತ್ತು. ಕ್ಲಿಕ್ ರೆಂಚನ್ನು ಅದರ ಅಳತೆಯ ತೀರಾ ಕೆಳತುದಿಯಲ್ಲಿ ನಂಬಬಾರದು ಅಂತ ಗೊತ್ತಾದದ್ದು ಆಮೇಲೆ.

ಅದಾದ ಮೇಲೆ ಮುಳ್ಳಿನ ರೆಂಚ್ ತಂದೆ. ಒಂದು ಸಲಾಕೆ ಬಾಗುತ್ತದೆ, ಪಕ್ಕದ ಮುಳ್ಳು ಅಂಕಿ ತೋರಿಸುತ್ತದೆ, ಅಷ್ಟೆ. ಸ್ಪ್ರಿಂಗೂ ಇಲ್ಲ, ಕೆಡುವುದಕ್ಕೆ ಏನೂ ಇಲ್ಲ. ಬಿಟ್ಟಾಗ ಮುಳ್ಳು ಸೊನ್ನೆಗೆ ಬಂದರೆ ಸಾಕು. ಕಷ್ಟ ಏನೆಂದರೆ ನೇರ ಮೇಲಿನಿಂದ ನೋಡಬೇಕು. ಬೈಕಿನ ಹೊಟ್ಟೆಯ ಕೆಳಗೆ ಕತ್ತು ತಿರುಚಿಕೊಂಡು ನೋಡಿದರೆ ಒಂದೊಂದು ಕೋನಕ್ಕೆ ಒಂದೊಂದು ಅಂಕಿ. ಆದ್ದರಿಂದ ಕೊನೆಗೆ 10ರಿಂದ 60ರ ಸಣ್ಣ ಕ್ಲಿಕ್ ರೆಂಚೂ ಮನೆಗೆ ಬಂತು.

ಮೂರನ್ನೂ ವೈಸ್‌ನಲ್ಲಿ ಅಡ್ಡಕ್ಕೆ ಕಚ್ಚಿಸಿ, ಚೌಕದ ನಡುವಿನಿಂದ 30 ಸೆಂಟಿಮೀಟರ್ ದೂರದಲ್ಲಿ ನೀರು ತುಂಬಿದ ಬಕೆಟ್ ನೇತುಹಾಕಿದೆ. ಬಕೆಟ್ ಸೇರಿ ಸರಿಯಾಗಿ 10 ಕಿಲೋ. ಲೆಕ್ಕದಲ್ಲಿ 29.4 ನ್ಯೂಟನ್ ಮೀಟರ್. ರೆಂಚಿನ ಸ್ವಂತ ಭಾರವೂ ಸ್ವಲ್ಪ ಸೇರುತ್ತದೆ, ಇದೇನು ಲ್ಯಾಬ್ ಪರೀಕ್ಷೆಯಲ್ಲ. ಮುಳ್ಳು 30ರ ಗೆರೆಯ ಹತ್ತಿರ ನಿಂತಿತು. ಸಣ್ಣ ಕ್ಲಿಕ್ 29ಕ್ಕೆ ಇಟ್ಟರೆ ಪ್ರತಿ ಸಲ ಹೊಡೆಯಿತು, 32ಕ್ಕೆ ಇಟ್ಟರೆ ಒಮ್ಮೆಯೂ ಇಲ್ಲ. ದೊಡ್ಡದು 29ಕ್ಕೆ ಇಟ್ಟರೂ ಒಮ್ಮೆ ಹೊಡೆಯಿತು, ಎರಡು ಸಲ ಸುಮ್ಮನಿತ್ತು. ಅದು ಈಗ ಆಕ್ಸಲ್ ನಟ್ಟಿಗೆ ಮಾತ್ರ. ಒಂದೇ ಒಂದು ಕೊಳ್ಳುವವರು ಸಣ್ಣ ಕ್ಲಿಕ್ ತಗೊಳ್ಳಿ. ಕೆಲಸ ಮುಗಿದ ಮೇಲೆ ಅದರ ಅಳತೆಯನ್ನು ಅತಿ ಕೆಳಗಿನ ಅಂಕಿಗೆ ಇಳಿಸಿ ಇಡಿ, ಸ್ಪ್ರಿಂಗ್ ಬಿಗಿದೇ ಉಳಿಯಬಾರದು.

ಅಲೆನ್ ಕೀ (ಆರು ಮೂಲೆಯ ಗುಳಿಗೆ ಹಾಕುವ ಬಾಗಿದ ಕಡ್ಡಿ) ಬಗ್ಗೆ ಎರಡೇ ಮಾತು. ಹಳೆಯದನ್ನು ಬೆಳಕಿಗೆ ಹಿಡಿದು ತುದಿ ನೋಡಿ. ಮೂಲೆ ಚೂಪಾಗಿಲ್ಲದಿದ್ದರೆ ಎಸೆಯಿರಿ, ಅಥವಾ ಆ ತುದಿಯಷ್ಟನ್ನು ಗ್ರೈಂಡ್ ಮಾಡಿ ತೆಗೆಯಿರಿ. ಗುಂಡುತುದಿಯ ಕೀ ಓರೆಯಿಂದ ತಿರುಗಿಸಲು ಬಹಳ ಚೆಂದ, ಆದರೆ ಅದರ ಕತ್ತು ಸಣ್ಣದು. ಮೊದಲ ಬಿಚ್ಚಿಗೂ ಕೊನೆಯ ಬಿಗಿತಕ್ಕೂ ನೇರ ತುದಿಯೇ ಬೇಕು.

ಅಡ್ಜಸ್ಟಬಲ್ ಸ್ಪ್ಯಾನರ್ ಬದಲು ನಿಪೆಕ್ಸ್‌ನ ಪ್ಲೈಯರ್ ರೆಂಚ್ ಬಳಸುತ್ತಿದ್ದೇನೆ. ಎರಡು ದವಡೆಗಳೂ ಸಮಾನಾಂತರವಾಗಿ ಮುಚ್ಚುತ್ತವೆ, ಹಲ್ಲಿಲ್ಲ, ಕ್ರೋಮ್ ನಟ್ಟಿನ ಮೇಲೆ ಗೀರು ಬೀಳುವುದಿಲ್ಲ. ಅಡ್ಜಸ್ಟಬಲ್‌ನ ದವಡೆ ಎಷ್ಟು ಬಿಗಿದರೂ ಕೊಂಚ ಆಡುತ್ತಲೇ ಇರುತ್ತದೆ. ಇದು ತುಸು ಐಷಾರಾಮ, ಒಪ್ಪುತ್ತೇನೆ. ಕೊನೆಗೆ ಕೊಂಡರೂ ಸಾಕು.

ಸುತ್ತಿಗೆ, ಆಯಿಲ್ ಹಿಡಿಯುವ ತಟ್ಟೆ, ಫನೆಲ್, ಮ್ಯಾಗ್ನೆಟ್ ಬಟ್ಟಲು ಯಾವುದಾದರೂ ನಡೆಯುತ್ತದೆ. ಆಕ್ಸಲ್ ನಟ್ಟಿಗೆ ಮಾತ್ರ ಮೊದಲು ವರ್ನಿಯರ್ ಹಿಡಿದು ಅಳೆಯಿರಿ. ನನ್ನದು 24 ಅಂತ ಕಣ್ಣಂದಾಜಿನಲ್ಲಿ ಸಾಕೆಟ್ ತರಿಸಿದೆ, ಅದು 27ರ ನಟ್ಟು.